ಹಳ್ಳದ ಆಚೆ ನಿಂತ ಆಯಿ

ಸುಮಾ, ರಾಜು, ನಿಮ್ಮ ಮುತ್ತ್ಯಾ ಇರುವವರೆಗೆ ಮನೆಯ ಕಥೆಗಳನ್ನೆಲ್ಲ ಅವರೇ ಹೇಳುತ್ತಿದ್ದರು. ನನಗೆ ನಾಲ್ಕು ಜನರೆದುರು ಮಾತು ಬರುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನಿಜಾಮರ ರಾಜ್ಯ ಹೋಗುವುದಕ್ಕೆ ಎರಡು ವರ್ಷ ಮೊದಲಿನ ಮಾತು. ನನಗಾಗ ಒಂಬತ್ತು ವರ್ಷ. ಸಿರ್ಗಾಪುರದ ಹತ್ತಿರದ ನಮ್ಮೂರಲ್ಲಿ ನನ್ನ ತಮ್ಮ ಹುಟ್ಟಿ ಇಪ್ಪತ್ತು ದಿನವಾಗಿತ್ತು. ಅವನಿಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಅವ್ವನ ತಾಯಿ, ಅಂದರೆ ನನ್ನ ಆಯಿ, ಬಂದ ಮೇಲೆಯೇ ಇವನನ್ನು ತೊಟ್ಟಿಲಿಗೆ ಹಾಕಬೇಕೆಂದು ಕಾಯುತ್ತಿದ್ದೆವು.

ಆಯಿ, ಮಾಮಾ, ಮಾಮಿ ಕುರಿ ಮೇಯಿಸಲು ಗಡಿ ದಾಟಿ ಇಂಗ್ರೇಜರ ಸೀಮೆಗೆ, ಸೊಲ್ಲಾಪುರದ ಕಡೆಗೆ ಹೋಗಿದ್ದರು. ಒಂದು ಬೆಳಿಗ್ಗೆ ಹಿಂಡಿನ ಸದ್ದು ಕೇಳಿ ಅವ್ವ ಕೂಸನ್ನು ಎತ್ತಿಕೊಂಡು ಹಳ್ಳದ ದಂಡೆಗೆ ಬಂದಳು. ಅಪ್ಪ, ನಾನು ಹಿಂದೆಯೇ ಹೋದೆವು. ಆಯಿ ಆಚೆ ದಂಡೆಯಲ್ಲೇ ನಿಂತು ಕೈ ಅಡ್ಡ ಮಾಡಿದಳು.

“ಅಲ್ಲೇ ನಿಂದ್ರು. ಹೊನ್ನಿಗೆ ಗೊಬ್ಬರ ಎದ್ದದ.”

ಹೊನ್ನಿ ಮಾಮಾನ ಮೂರು ವರ್ಷದ ಮಗಳು. ಗೊಬ್ಬರವೆಂದರೆ ಈಗ ನೀವು ದಡಾರ ಅನ್ನುತ್ತೀರಲ್ಲ, ಅದೇ. ಗಡಿಯಾಚೆ ಅವರು ಬೀಡುಬಿಟ್ಟ ಊರಲ್ಲಿ ಮನೆಮನೆಗೂ ಅದೇ ಇತ್ತಂತೆ.

“ಗಡಿ ನಾಕಾದಾಗ ಯಾರೂ ತಡೀಲಿಲ್ಲೇನ್ರಿ ಅತ್ತಿ?” ಎಂದು ಅಪ್ಪ ಕೇಳಿದ.

“ಸುಂಕದ ಕರೋಡಗಿರಿಯವ್ರು ಕುರಿ ಎಣಿಸಿ ಬಿಟ್ರು. ಕೂಸಿನ ಮೈ ಯಾರ್ ನೋಡ್ತಾರ? ಅದಕ್ಕ ನಾನೇ ಇಲ್ಲಿ ನಾಕಾ ಹಾಕೀನಿ.”

ಬೇನೆ ಬಿದ್ದ ಕುರಿಯನ್ನು ಹಿಂಡಿನಿಂದ ಬೇರೆ ಕಟ್ಟುವುದು ನಮ್ಮವರ ರೂಢಿ. ಆಯಿ ತನ್ನ ಇಡೀ ಬಿಡಾರವನ್ನೇ ಊರಿನಿಂದ ಬೇರೆ ಮಾಡಿಬಿಟ್ಟಳು. ಗೊಬ್ಬರ ಎದ್ದ ಮನೆಗೆ ದೇವಿ ಬಂದಿದ್ದಾಳೆಂದು ಹೆಂಗಸರು ಮೊಸರನ್ನ ಹಿಡಿದು ಹೋಗುತ್ತಿದ್ದ ಕಾಲ ಅದು. ಹಾಗೆ ಬಂದವರನ್ನು ಆಯಿ ದಂಡೆಯಿಂದಲೇ ತಿರುಗಿಸಿದಳು. “ಮೊದಲ ಗೊಬ್ಬರ ಎದ್ದು ಹ್ವಾದವ್ರು ಅಷ್ಟೇ ಬರ್ರಿ.” ಅಪ್ಪನಿಗೆ ಸಣ್ಣವನಿದ್ದಾಗಲೇ ಎದ್ದಿತ್ತು. ದಿನಾ ಅಂಬಲಿ ಒಯ್ದು ಬಂಡೆಯ ಮೇಲಿಟ್ಟು ಬರುವ ಕೆಲಸ ಅವನದಾಯಿತು.

“ದೇವಿಗೆ ಕೈ ಮುಗಿಯಾಕ ಹೋದ್ರ ನಾಯಿ ಹೊಡ್ದಂಗ ಹೊಡಿತಾಳ. ಮುದಿಕಿ ಸೊಕ್ಕು ನೋಡ್ರಿ,” ಎಂದಳು ನೆರೆಮನೆಯ ಗಂಗವ್ವ.

ಆರನೆಯ ದಿನ ಹೊನ್ನಿ ತೀರಿಕೊಂಡಳು. ಮಾಮಿಯ ಅಳು ಊರಿಗೇ ಕೇಳಿಸಿತು. ಅವ್ವ ತಡೆಯಲಾರದೆ ಕೂಸಿನೊಂದಿಗೆ ಹಳ್ಳಕ್ಕೆ ಇಳಿದಳು. ಆಯಿ ಒಂದು ಕಲ್ಲು ತೆಗೆದು ಬೀಸಿದಳು. ಅದು ಅವ್ವನ ಕಾಲ ಮುಂದೆ ನೀರಿಗೆ ಬಿತ್ತು.

“ಹಿಂದಕ್ಕ ಹೋಗು. ನಿನಗೂ ಎದ್ದಿಲ್ಲ. ನಿನ್ನ ಹೆತ್ತಾಕಿ ನಾ, ನನಗ ಗೊತ್ತದ.”

“ಅಣ್ಣನ ಮಗಳು, ಎವ್ವಾ. ಒಮ್ಮಿ ಮಾರಿ ನೋಡ್ತೀನಿ.”

“ಒಂದು ಕೂಸು ಹೋಗ್ಯದ. ನಿನ್ನ ಕೈಯಾಗಿಂದು ನಾ ಕೊಡಂಗಿಲ್ಲ.”

ಹಾಗೆನ್ನುತ್ತ ಎರಡನೆಯ ಕಲ್ಲು ಎತ್ತಿಕೊಂಡಳು. ಅವ್ವ ನೀರಲ್ಲೇ ಕುಳಿತು ಅತ್ತು, ಆಮೇಲೆ ಹಿಂದಿರುಗಿದಳು.

ಮತ್ತೆ ಯಾರಿಗೂ ಜ್ವರವಿಲ್ಲವೆಂದು ಖಾತ್ರಿಯಾಗಲು ಆಯಿ ಇನ್ನೂ ಎರಡು ವಾರ ಅಲ್ಲೇ ಇದ್ದಳು. ಕೊನೆಗೆ ಮಿಂದು ಊರೊಳಗೆ ಬಂದು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮುದ್ದಿಸಿ, ತಾನೇ ತೊಟ್ಟಿಲಿಗೆ ಹಾಕಿದಳು. ಗಂಗವ್ವ ಆಗಲೂ ಗೊಣಗಿದಳು. ಆದರೆ ಅವಳ ಮೊಮ್ಮಕ್ಕಳಿಗಾಗಲಿ, ಊರಿನ ಬೇರೆ ಯಾವ ಮಗುವಿಗಾಗಲಿ ಆ ವರ್ಷ ಗೊಬ್ಬರ ಏಳಲಿಲ್ಲ.

ಆ ಕೂಸೇ ನಿಮ್ಮ ಅಜ್ಜ, ಕಥೆ ಹೇಳುತ್ತಿದ್ದ ಬೀರಪ್ಪ ಮುತ್ತ್ಯಾ. ಆಯಿಗೆ ಅಕ್ಷರ ಬರುತ್ತಿರಲಿಲ್ಲ, ಯಾವ ಡಾಕ್ಟರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಮೊಮ್ಮಗಳ ಹೆಣ ಮಗ್ಗುಲಲ್ಲಿರುವಾಗ ಸ್ವಂತ ಮಗಳ ಮೇಲೆ ಕಲ್ಲೆತ್ತಲು ಎಂಥ ಎದೆ ಬೇಕೋ, ನಾನೇ ಅಜ್ಜಿಯಾದರೂ ನನಗೆ ತಿಳಿದಿಲ್ಲ.

ಹೊನ್ನಿಯ ಹೆಸರು ಇಲ್ಲಿ ಬಿಟ್ಟರೆ ಬೇರೆಲ್ಲೂ ಬರೆದಿಲ್ಲ. ಈ ಹಾಳೆಗಳನ್ನು ಜೋಪಾನವಾಗಿ ಇಡಿ, ಮಕ್ಕಳೇ.