ಪುಷ್ಪಾವತಿ ಮೇಡಂ ಮುಚ್ಚಿಡದ ನೂರೈವತ್ತು ಗ್ರಾಂ

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಆರು ವರ್ಷ ಬಾಡಿಗೆಗಿದ್ದ ಪುಷ್ಪಾವತಿಯ ಬಗ್ಗೆ ಬರೆಯುತ್ತಿದ್ದೇನೆ. ಅರವತ್ತೈದು ದಾಟಿದ ನನಗೆ ಭಾನುವಾರ ಭಾನುವಾರ ಕೂರಿಸಿಕೊಂಡು ಅಕ್ಷರ ತಿದ್ದಿಸಿದವಳು ಅವಳೇ. ತಪ್ಪಿದ್ದರೆ ಅರ್ಧ ಅವಳ ಪಾಲಿಗೆ.

ಅವಳ ಊರು ಮಿಡಿಗೇಶಿ. ಮಧುಗಿರಿಯ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಿದ್ದಳು. ಎಲ್ಲರೂ ಮೇಡಂ ಅನ್ನುತ್ತಿದ್ದರು, ನಾನೂ ಹೊರಗಡೆ ಹಾಗೇ ಅನ್ನುತ್ತಿದ್ದೆ. ಪಾಠ ಮುಗಿಸಿ ಬಂದು, ಮುದ್ದೆ ಉಂಡು, ಪಿಎಚ್‌ಡಿ ಲೆಕ್ಕಕ್ಕೆ ಕೂರುವಳು. ಒಂಬತ್ತು ವರ್ಷದ ಲೆಕ್ಕ ಅದು.

ಏನು ಲೆಕ್ಕ ಅಂತ ಕೇಳಿದೆ. ಹೇಳಿದಳು. ರಾಗಿ, ಕಲ್ಲು, ನಾನು, ನೀನು, ಎಲ್ಲದರ ಒಳಗೂ ಪ್ರೋಟಾನ್ ಅನ್ನುವ ಕಾಳಿದೆಯಂತೆ. ಅದರ ಆಕಾರ ತಿಳಿಯಲು ಅದಕ್ಕಿಂತ ಬಹಳ ಹಗುರಾದ ಎಲೆಕ್ಟ್ರಾನನ್ನು ಎಸೆಯುತ್ತಾರೆ. ಎರಡೂ ಒಡೆಯುವುದಿಲ್ಲ, ಬರೀ ದಿಕ್ಕು ಬದಲಾಗುತ್ತದೆ. ಆಗ ಒಂದರಿಂದ ಒಂದಕ್ಕೆ ಬೆಳಕಿನ ಒಂದು ಕಾಳು ದಾಟುತ್ತದಂತೆ.

"ಅದರಲ್ಲಿ ತೊಡಕೇನವ್ವ?"

"ಎರಡು ರೀತಿ ಅಳೀತಾರಜ್ಜಿ. ಎಲೆಕ್ಟ್ರಾನು ಯಾವ ಮೂಲೆಗೆ ಎಷ್ಟು ಚೆದುರ್ತು ಅಂತ ಎಣಿಸೋದು ಒಂದು. ಏಟು ತಿಂದ ಪ್ರೋಟಾನು ಹೆಂಗೆ ತಿರುಗ್ತಾ ಹೊರಟ್ತು ಅಂತ ನೋಡೋದು ಇನ್ನೊಂದು. ಎರಡಕ್ಕೂ ಉತ್ತರ ಬೇರೆ ಬೇರೆ. ದಾಟೋದು ಒಂದೇ ಕಾಳಲ್ಲ, ಕೆಲವು ಸಲ ಎರಡು ದಾಟ್ತವೆ, ಆ ಎರಡನೇದನ್ನ ಸಣ್ಣದು ಅಂತ ಬಿಟ್ಟಿದ್ರು ಅಂತಾರೆ. ಅದು ಎಷ್ಟು ಅನ್ನೋದೇ ನನ್ನ ಲೆಕ್ಕ."

ಅವಳ ಲೆಕ್ಕದಲ್ಲಿ ಎರಡನೇ ಕಾಳು ಹೆಚ್ಚಿನ ವ್ಯತ್ಯಾಸ ತುಂಬಿತು. ಒಂದು ಕಡೆ ಮಾತ್ರ ತುಂಬಲಿಲ್ಲ. ಗೈಡ್ ಸಾರು ಆ ಭಾಗವನ್ನೇ ತೆಗೆದುಬಿಡು ಅಂದರಂತೆ. ತಿಂಗಳ ಕೊನೆಯೊಳಗೆ ಪ್ರಬಂಧ ಕೊಡದಿದ್ದರೆ ಒಂಬತ್ತು ವರ್ಷವೂ ರದ್ದು. ತೆಗೆಯಲು ಮನಸ್ಸಿಲ್ಲ, ಇಟ್ಟರೆ ಪರೀಕ್ಷಕರು ಏನು ಕೇಳುತ್ತಾರೋ ಅನ್ನುವ ಭಯ. ಊಟ ಬಿಟ್ಟಳು.

ಅದೇ ವಾರ ನಾನು ಮಿಲ್ಲಿಗೆ ಹತ್ತು ಸೇರು ರಾಗಿ ಅಳೆಯುತ್ತಿದ್ದೆ. ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. "ಲಾಭ, ಎರಡು" ಅಂತ ನಾನು ಹೇಳುತ್ತಿದ್ದರೆ ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ನಮ್ಮ ಯಜಮಾನರು ಅಳೆದಿಟ್ಟ ಪ್ರಕಾರ ನಮ್ಮ ಸೇರಿಗೆ ಒಂಬೈನೂರು ಗ್ರಾಂ, ಹತ್ತಕ್ಕೆ ಒಂಬತ್ತು ಕೇಜಿ. ಶಫೀವುಲ್ಲಾ ಸಾಬರ ಮಿಲ್ಲಿನಲ್ಲಿ ಯಾವಾಗಲೂ ಒಂಬತ್ತು ಕೇಜಿ ಆರುನೂರು. ಬೀಸುವ ಕೂಲಿ ತೂಕದ ಮೇಲೆ, ಅದಕ್ಕೇ ಅವರ ತಕ್ಕಡಿ ಸರಿಯಿಲ್ಲ ಅಂತ ಹತ್ತು ವರ್ಷದಿಂದ ಬೀದಿಯವರಿಗೆಲ್ಲ ಹೇಳಿದ್ದೆ.

"ಅಜ್ಜಿ, ಸೇರು ತುಂಬಿ ಸವರೋಕೆ ಮುಂಚೆ ಒಂದು ಸಲ ನೆಲಕ್ಕೆ ಕುಕ್ತೀಯ."

"ಇಲ್ಲ ಕಣವ್ವ, ಸವರ್ತೀನಿ ಅಷ್ಟೇ."

"ಅಯ್ಯೋ, ಕುಕ್ಕಿದ್ದು ಈಗ್ತಾನೆ ಕೇಳಿಸ್ತು!"

ನೋಡಿಕೊಂಡೆ. ಹೌದು, ಕುಕ್ಕುತ್ತಿದ್ದೆ. ಒಂದು ಕೆಲಸ ಮಾಡ್ತೀನಿ ಅಂದುಕೊಂಡಿದ್ದೆ, ಕೈ ಎರಡು ಮಾಡುತ್ತಿತ್ತು. ಕುಕ್ಕಿದಾಗ ರಾಗಿ ಇಳಿಯುತ್ತದೆ, ಮೇಲೆ ಇನ್ನಷ್ಟು ಹಿಡಿಯುತ್ತದೆ.

ಕುಕ್ಕಿ ಹತ್ತು ಸೇರು, ಕುಕ್ಕದೆ ಹತ್ತು ಸೇರು, ಎರಡು ಚೀಲ ಹೊತ್ತುಕೊಂಡು ಮಿಲ್ಲಿಗೆ ಹೋದೆವು.

"ಏನಮ್ಮ, ಇವತ್ತು ನನ್ ತಕ್ಕಡಿಗೆ ಪರೀಕ್ಷೆನಾ?" ಅಂದರು ಸಾಬರು.

"ತಕ್ಕಡಿಗಲ್ಲ ಸಾಬ್ರೇ, ಅಜ್ಜಿ ಕೈಗೆ" ಅಂದಳು ಇವಳು.

ಕುಕ್ಕಿದ್ದು ಒಂಬತ್ತು ಕೇಜಿ ಆರುನೂರು. ಕುಕ್ಕದ್ದು ಒಂಬತ್ತು ಕೇಜಿ ನೂರೈವತ್ತು.

ದಾರಿಯಲ್ಲಿ ಅವಳು ನಿಂತಳು. "ಆ ನೂರೈವತ್ತು ಯಾಕಜ್ಜಿ ಇನ್ನೂ ಉಳೀತು?"

"ಗೊತ್ತಿಲ್ಲ."

"ಏನಾದ್ರೂ ಹೇಳು."

"ಗೊತ್ತಿಲ್ಲದೆ ಏನು ಹೇಳ್ಲಿ? ಕುಕ್ಕಿದ್ದರಿಂದ ನಾನೂರೈವತ್ತು ಬಂತು ಅನ್ನೋದು ಅದಕ್ಕೇನೂ ಸುಳ್ಳಾಗಲ್ವಲ್ಲ. ಉಳಿದಿದ್ದು ಉಳಿದದೆ ಅನ್ನು."

ಅವಳು ಮನೆಗೆ ಬಂದು ಎರಡು ಮುದ್ದೆ ಉಂಡಳು. ಆ ಭಾಗ ತೆಗೆಯದೆ, ಇಲ್ಲಿ ಇಷ್ಟು ವ್ಯತ್ಯಾಸ ಉಳಿದಿದೆ, ಕಾರಣ ನನಗೆ ತಿಳಿದಿಲ್ಲ ಅಂತ ಬರೆದು, ಗಡುವಿಗೆ ಎರಡು ದಿನ ಮುಂಚೆ ಕೊಟ್ಟಳು. ಪರೀಕ್ಷಕರಿಗೆ ಉತ್ತರ ಕೊಡೋಳು ನೀನೇ ಅಂದರಂತೆ ಗೈಡು.

ನಾಲ್ಕು ತಿಂಗಳಾದ ಮೇಲೆ ಪರೀಕ್ಷಕರು ಕರೆಸಿದರು. ಮೊದಲ ಪ್ರಶ್ನೆಯೇ ಅದು. ಗೊತ್ತಿಲ್ಲ ಸರ್ ಅಂದಳಂತೆ. ಹಾಗಾದರೆ ತಿಳಿಯುವುದು ಹೇಗೆ ಅಂದರು. ಎಲೆಕ್ಟ್ರಾನಿನದೇ ತೂಕದ, ಉಲ್ಟಾ ವಿದ್ಯುತ್ತಿನ ಪಾಸಿಟ್ರಾನ್ ಇದೆ, ಅದನ್ನು ಎಸೆದರೆ ಎರಡನೇ ಕಾಳಿನ ಪ್ರಭಾವ ಕೂಡುವ ಕಡೆ ಕಳೆಯುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟರೆ ಅದರ ಪಾಲೆಷ್ಟು, ಬೇರೆಯದೆಷ್ಟು ಅಂತ ಕಾಣುತ್ತದೆ ಅಂದಳು. ಅವರು ಆ ಭಾಗದ ಮೇಲೇ ಅರ್ಧ ಗಂಟೆ ಮಾತಾಡಿಸಿ ಪದವಿ ಕೊಡಬಹುದು ಅಂತ ಸಹಿ ಹಾಕಿದರು.

ಬಸ್ಸಿಳಿದು ಬಂದು "ಆಯ್ತಜ್ಜಿ" ಅಂದವಳೇ ಜಗಲಿ ಮೇಲೆ ಕೂತುಬಿಟ್ಟಳು.

ಅಷ್ಟು ದೊಡ್ಡವರ ಮುಂದೆ ಮಗು ಗೊತ್ತಿಲ್ಲ ಅಂದು ಬಂದಿದೆ, ನನಗೇನು ಅಂತ ಮಾರನೇ ದಿನ ಮಿಲ್ಲಿಗೆ ಹೋದೆ. "ಸಾಬ್ರೇ, ನಿಮ್ಮ ತಕ್ಕಡಿ ಮೇಲೆ ಹತ್ತು ವರ್ಷ ಸುಳ್ಳು ಹೇಳ್ಕೊಂಡು ತಿರುಗಿದೀನಿ. ಆರುನೂರರಲ್ಲಿ ನಾನೂರೈವತ್ತು ನನ್ನ ಕೈದೇ ತಪ್ಪು."

ಅವರು ಹಿಟ್ಟಿನ ಕೈ ಒರೆಸಿಕೊಂಡು ನಕ್ಕರು. "ನಂಗೆ ಗೊತ್ತಿತ್ತಮ್ಮ. ಬೈಕೊಂಡಾದ್ರೂ ರಾಗಿ ಇಲ್ಲಿಗೇ ತರ್ತಿದ್ರಲ್ಲ, ಅದಕ್ಕೇ ಸುಮ್ಮನಿದ್ದೆ."

ಪುಷ್ಪಾವತಿಗೆ ಈಗ ಶಿರಾಕ್ಕೆ ವರ್ಗವಾಗಿದೆ. ಅಕ್ಷರ ಕೊಟ್ಟಳು, ಹತ್ತು ವರ್ಷದ ಅನುಮಾನ ತೆಗೆದಳು. ಅವಳಿಗೆ ನಾನು ಕೊಟ್ಟಿದ್ದು ಮುದ್ದೆ. ಈಗಲೂ ರಾಗಿ ಅಳೆಯುವಾಗ ಕುಕ್ಕುತ್ತೇನೆ, ಕೈ ಬಿಡುವುದಿಲ್ಲ. ಆದರೆ ಮಿಲ್ಲಿನಲ್ಲಿ ಕುಕ್ಕಿದ್ದು ಅಂತ ಮೊದಲೇ ಹೇಳಿಬಿಡುತ್ತೇನೆ.