ಅಕ್ಕನ ಮುಂದೆ ನಡೆದ ಬ್ಯಾಂಡು

ನಾನು ಚಿಕ್ಕವನಿದ್ದಾಗ, ಅಂದರೆ ಮೊಮ್ಮಕ್ಕಳೇ, ನಿಮ್ಮಲ್ಲಿ ತೀರಾ ಚಿಕ್ಕವನಿಗಿಂತಲೂ ಚಿಕ್ಕವನಿದ್ದಾಗ, ಬ್ಯಾಂಡ್ ಅನ್ನುವುದು ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ವಸ್ತುವಾಗಿರಲಿಲ್ಲ. ಅದು ಬಸ್ಸಿನಲ್ಲಿ ಬರುತ್ತಿತ್ತು. ಬೇಲೂರಿನಿಂದ ಹೊರಟು ಹಳೇಬೀಡು, ಜಾವಗಲ್ ದಾಟಿ ನಮ್ಮ ಅರಸೀಕೆರೆಗೆ ಬರುವ ಬಸ್ಸಿನ ನೆತ್ತಿಯ ಮೇಲೆ ದೊಡ್ಡ ಡ್ರಮ್ಮೊಂದನ್ನು ಕಟ್ಟಿದ್ದರೆ, ಪೇಟೆಯಲ್ಲಿ ಯಾರದೋ ಮನೆಯಲ್ಲಿ ಮದುವೆ ಇದೆ ಎಂದೇ ಅರ್ಥ. "ಬೇಲೂರು ಬ್ಯಾಂಡು ಬಂತು ಕಣ್ರೋ!" ಎಂದು ದೊಡ್ಡ ಹುಡುಗರು ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದರು. ನನ್ನನ್ನು ಯಾರೂ ಜೊತೆಗೆ ಕರೆದುಕೊಳ್ಳುತ್ತಿರಲಿಲ್ಲ. ನಾನು ಆ ಬ್ಯಾಂಡಿನ ಬಗ್ಗೆ ಕೇಳಿದ್ದೆನೇ ಹೊರತು ಬ್ಯಾಂಡನ್ನು ಕೇಳಿರಲಿಲ್ಲ.

ಮೊನ್ನೆ ಮೊಮ್ಮಗಳು ತನ್ನ ಮೆಚ್ಚಿನ ಬ್ಯಾಂಡಿನ ಹಾಡನ್ನು ಮೊದಲ ಸಲ ಕೇಳಿದ್ದು ಹೇಗೆ ಎಂದು ಹೇಳುತ್ತಿದ್ದಳು. ಸ್ಕೂಲ್ ಬಸ್ಸಿನಲ್ಲಂತೆ, ಗೆಳತಿ ತನ್ನ ಕಿವಿಯಲ್ಲಿದ್ದುದನ್ನು ತೆಗೆದು ಇವಳ ಕಿವಿಗೆ ಇಟ್ಟಳಂತೆ, ಮೈಯೆಲ್ಲ ಜುಮ್ಮೆಂದಿತಂತೆ. ಹೇಳುವಾಗ ಅವಳ ಮುಖ ನೋಡಬೇಕಿತ್ತು. "ತಾತ, ನೀನು ಫಸ್ಟ್ ಯಾವಾಗ ಕೇಳಿದ್ದು, ನಿನ್ ಬೇಲೂರು ಬ್ಯಾಂಡನ್ನ?" ಎಂದಳು. ನಾನು ಎದ್ದು ಹೋದೆ. ಮುದುಕನಿಗೆ ಸಿಟ್ಟು ಬಂತು ಎಂದುಕೊಂಡಿರಬೇಕು. ಸಿಟ್ಟಲ್ಲ ಕಣಮ್ಮ. ಬಾಯಿ ಬಿಟ್ಟರೆ ಅಳು ಬರುತ್ತಿತ್ತು. ಬರೆಯುವಾಗ ಅತ್ತರೆ ಯಾರಿಗೂ ಕಾಣುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಅರಸೀಕೆರೆಯ ಪೇಟೆ ಬೀದಿಯಲ್ಲಿತ್ತು. ಮುಂದೆ ಅಪ್ಪನ ಕೊಬ್ಬರಿ ಮಂಡಿ, ಹಿಂದೆ ನಾವಿರುವ ಮನೆ. ಹಾಸಿಗೆ, ಬಟ್ಟೆ, ಕೊನೆಗೆ ಕುಡಿಯುವ ನೀರು ಕೂಡ ಒಣಕೊಬ್ಬರಿಯ ವಾಸನೆ ಹೊಡೆಯುತ್ತಿತ್ತು. ಅಮ್ಮ ನಾನು ಹಸುಗೂಸಾಗಿದ್ದಾಗಲೇ ತೀರಿಕೊಂಡಿದ್ದಳು. ಅವಳ ಮುಖ ನನಗೆ ನೆನಪಿಲ್ಲ, ನೆನಪಿಲ್ಲದ್ದಕ್ಕೆ ದುಃಖವೂ ಆಗುತ್ತಿರಲಿಲ್ಲ. ಏಕೆಂದರೆ ಅಕ್ಕ ಇದ್ದಳು. ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಅವಳು ಒಲೆ ಉರಿಸುತ್ತಿದ್ದಳು, ನೀರು ಸೇದುತ್ತಿದ್ದಳು. ಅವಳ ಬಳೆಯ ಸದ್ದು ಕೇಳದಿದ್ದರೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಅಕ್ಕ ಒಂದು ವಿಷಯದಲ್ಲಿ ಮಾತ್ರ ಬಲು ಕಟ್ಟುನಿಟ್ಟು. ನಾನು ಆಡಲು ಹೊರಟು "ಹೋಗ್ತೀನಿ ಅಕ್ಕ" ಎಂದರೆ ಸಾಕು, ಕಿವಿ ಹಿಡಿದು ನಿಲ್ಲಿಸುತ್ತಿದ್ದಳು. "ಹೋಗ್ತೀನಿ ಅನ್ಬಾರ್ದು ಕಣೋ, ಕೆಟ್ಟದ್ದು. ಬತ್ತೀನಿ ಅನ್ನು." ನಾನು "ಬತ್ತೀನಿ" ಎಂದು ಕೂಗಿ ಓಡುತ್ತಿದ್ದೆ, ಹೊಟ್ಟೆ ಹಸಿದಾಗ ಬಂದೇ ಬರುತ್ತಿದ್ದೆ. ಹೀಗಾಗಿ ಆ ಮಾತಿಗೆ ನನಗೆ ಗೊತ್ತಿದ್ದ ಅರ್ಥ ಒಂದೇ.

ಅಕ್ಕನಿಗೆ ದಾವಣಗೆರೆಯ ಕಡೆ ಗಂಡು ಗೊತ್ತಾಯಿತು. ಮನೆ ತುಂಬ ನೆಂಟರು, ಅಂಗಳದಲ್ಲಿ ಹಸಿ ತೆಂಗಿನ ಗರಿಯ ಚಪ್ಪರ. ಯಾರೊಬ್ಬರೂ ನನಗೆ ಮದುವೆ ಎಂದರೆ ಏನೆಂದು ಬಿಡಿಸಿ ಹೇಳಲಿಲ್ಲ. ಹೇಳಿದರೆ ರಂಪ ಮಾಡುತ್ತಾನೆ ಎಂಬ ಹೆದರಿಕೆ ಇದ್ದಿರಬೇಕು. ಅದರ ಬದಲು ಎಲ್ಲರೂ "ನಿಮ್ಮನೇಗೇ ಬೇಲೂರು ಬ್ಯಾಂಡ್ ಬತ್ತೈತೆ ಕಣೋ" ಎಂದು ಆಸೆ ಹುಟ್ಟಿಸಿದರು. ನನಗೆ ಅಷ್ಟೇ ಬೇಕಾಗಿತ್ತು. ಮದುವೆಯ ಹಿಂದಿನ ದಿನ ಅಕ್ಕ ನನಗೆ ತಲೆ ಬಾಚುತ್ತಿದ್ದಾಗಲೂ ನನ್ನದು ಅದೇ ಹಾಡು.

"ಬ್ಯಾಂಡು ಬಂದ್ಮೇಲೆ ಇಲ್ಲೇ ಇರ್ತೈತಾ ಅಕ್ಕ?"

ಬಾಚಣಿಗೆ ನಿಂತಿತು. "ಇರಕ್ಕಾಗಲ್ಲ ಕಣೋ ಮರಿ. ಅವ್ರು ಒಂದಿನ ಬತ್ತಾರೆ, ಸಂಜೆಗೆ ಹೊಂಟೋಯ್ತಾರೆ."

ಬ್ಯಾಂಡು ಹೊರಟುಹೋಗುತ್ತದೆ ಎಂದು ನಾನು ಗೊಳೋ ಎಂದು ಅತ್ತೆ. ಅಕ್ಕ ಮೊದಲು ನಕ್ಕಳು. ಆಮೇಲೆ ನನ್ನನ್ನು ಎದೆಗೆ ಅವುಚಿಕೊಂಡು ತುಂಬ ಹೊತ್ತು ಬಿಡಲೇ ಇಲ್ಲ. ಎಣ್ಣೆ ತಲೆ, ಸೀರೆಗೆ ಕಲೆಯಾಗುತ್ತದೆ ಎಂದು ಯಾರೋ ಗದರಿದರೂ ಬಿಡಲಿಲ್ಲ.

ಮದುವೆಯ ದಿನ ಬೆಳಗ್ಗೆ ನಾನು ಬ್ಯಾಂಡನ್ನು ಮೊದಲು ಕೇಳಿದ್ದು ಕಿವಿಯಿಂದಲ್ಲ, ಹೊಟ್ಟೆಯಿಂದ. ದೊಡ್ಡ ಡ್ರಮ್ಮಿನ ಮೊದಲ ಪೆಟ್ಟಿಗೆ ಹೊಟ್ಟೆಯೊಳಗೆ ಧಿಮ್ಮೆಂದಿತು. ಓಡಿ ಹೋಗಿ ನೋಡಿದರೆ ಚಪ್ಪರದ ಕೆಳಗೆ ಕೆಂಪು ಕೋಟು, ಚಿನ್ನದ ಬಣ್ಣದ ಪಟ್ಟಿ, ಕಾಲಲ್ಲಿ ಸವೆದ ಚಪ್ಪಲಿ ಹಾಕಿದ ಗಂಡಸರು. ಹಿತ್ತಾಳೆಯ ಕಹಳೆಗಳಲ್ಲಿ ಚಪ್ಪರದ ಹಸಿರೆಲ್ಲ ಸೊಟ್ಟಗೆ ಕಾಣುತ್ತಿತ್ತು. ನಡುವೆ ದಪ್ಪ ಮೀಸೆಯವರೊಬ್ಬರು ಕಪ್ಪು ಕ್ಲಾರಿಯೊನೆಟ್ ಹಿಡಿದು ನಿಂತಿದ್ದರು. ಅವರೇ ಬ್ಯಾಂಡಿನ ಮುಖ್ಯಸ್ಥರು. ಅವರು ಕೆನ್ನೆ ಉಬ್ಬಿಸಿ ಒಂದು ಸಿನಿಮಾ ಹಾಡು ಎತ್ತಿಕೊಂಡರು ನೋಡಿ, ಕುಣಿಯುವಂಥ ಹಾಡು, ನನ್ನ ತೋಳಿನ ಕೂದಲೆಲ್ಲ ನಿಂತವು. ಅಲ್ಲಿಯವರೆಗೆ ನನಗೆ ಗೊತ್ತಿದ್ದ ಸಂಗೀತ ಅಕ್ಕನ ಬಳೆಯದು ಮತ್ತು ರೈಲಿನ ಶಿಳ್ಳೆಯದು. ಲೋಕದಲ್ಲಿ ಇಂಥದ್ದೊಂದು ಸದ್ದು ಇದ್ದೂ ಇಷ್ಟು ದಿನ ನನಗೆ ಯಾರೂ ಕೇಳಿಸಲಿಲ್ಲವಲ್ಲ ಎಂದು ಸಿಟ್ಟೇ ಬಂತು.

ಆ ದಿನ ಪೂರ್ತಿ ನಾನು ಬ್ಯಾಂಡಿನ ಬುಡ ಬಿಟ್ಟು ಕದಲಲಿಲ್ಲ. "ಗಟ್ಟಿಮೇಳ, ಗಟ್ಟಿಮೇಳ" ಎಂದು ಹಿರಿಯರು ಕೂಗಿದಾಗ ಎಲ್ಲರೂ ಮಂಟಪದ ಕಡೆ ನೋಡಿ ಅಕ್ಷತೆ ಹಾಕಿದರೆ, ನಾನು ಮಂಟಪಕ್ಕೆ ಬೆನ್ನು ಹಾಕಿ ಡ್ರಮ್ ಬಡಿಯುವ ಕೋಲನ್ನೇ ನೋಡುತ್ತಿದ್ದೆ. ಅಕ್ಕಿ ಕಾಳು ನನ್ನ ತಲೆಯ ಮೇಲೂ ಬಿತ್ತು. ಊಟಕ್ಕೆ ಕರೆದರೆ ಹೋಗಲಿಲ್ಲ. ಕೊನೆಗೆ ಕ್ಲಾರಿಯೊನೆಟ್‌ನವರೇ ತಮ್ಮ ಪಂಕ್ತಿಯಲ್ಲಿ ನನ್ನನ್ನು ಕೂರಿಸಿಕೊಂಡು ಹೋಳಿಗೆ ತಿನ್ನಿಸಿದರು.

ಬಿಸಿಲು ಇಳಿಯುವ ಹೊತ್ತಿಗೆ ಮೆರವಣಿಗೆ ಹೊರಟಿತು. ಮುಂದೆ ಬ್ಯಾಂಡು, ಹಿಂದೆ ಭಾವ ಮತ್ತು ಅಕ್ಕ, ಅವರ ಹಿಂದೆ ನೆಂಟರು. ಅಪ್ಪ ಎಲ್ಲರಿಗಿಂತ ಕೊನೆಗೆ ತಲೆ ತಗ್ಗಿಸಿ ನಡೆಯುತ್ತಿದ್ದ. ನಾನಂತೂ ಬ್ಯಾಂಡಿಗಿಂತಲೂ ಮುಂದೆ, ಕೈಬೀಸಿಕೊಂಡು, ನಾನೇ ಎಲ್ಲರನ್ನೂ ನಡೆಸುತ್ತಿರುವ ಹಾಗೆ. ಮೆರವಣಿಗೆ ಎಂದರೆ ನನಗೆ ದೇವರ ಮೆರವಣಿಗೆ ಗೊತ್ತಿತ್ತು. ದೇವರು ಬೀದಿ ಬೀದಿ ಸುತ್ತಿ ತಿರುಗಿ ಗುಡಿಗೇ ಬರುತ್ತಾನೆ. ನಾವೂ ಊರು ಸುತ್ತಿ ತಿರುಗಿ ಮನೆಗೆ ಬರುತ್ತೇವೆ ಎಂದುಕೊಂಡಿದ್ದೆ.

ಒಂದು ಮಾತ್ರ ನನಗೆ ಸರಿ ಕಾಣಲಿಲ್ಲ. ಬೆಳಗ್ಗೆ ಊದಿದ್ದ ಅದೇ ಕುಣಿಯುವ ಹಾಡನ್ನು ಅವರು ಈಗ ಎಳೆದೆಳೆದು, ನಿಧಾನವಾಗಿ ಊದುತ್ತಿದ್ದರು. ಹೆಣ್ಣು ಕಳಿಸುವಾಗ ಬ್ಯಾಂಡಿನವರು ಹಾಗೇ ಊದುವುದು, ಹಾಡು ಅದೇ ಆದರೂ ನಡೆ ಬೇರೆ. ನನಗೇನು ಗೊತ್ತು? ಕ್ಲಾರಿಯೊನೆಟ್‌ನವರ ಕೋಟು ಹಿಡಿದು ಜಗ್ಗಿದೆ. "ಬೆಳಗ್ಗೆ ಊದಿದಂಗೆ ಊದಿ!" ಎಂದೆ. ಅವರು ಬಾಯಿಂದ ವಾದ್ಯ ತೆಗೆಯದೆ ಇಲ್ಲ ಎನ್ನುವಂತೆ ತಲೆಯಾಡಿಸಿದರು. ಬೀದಿಯ ಹೆಂಗಸರು ಬಾಗಿಲಿಗೆ ಬಂದು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಒಲೆ ಹೊಗೆ ಇರಬೇಕು ಎಂದುಕೊಂಡೆ.

ಬ್ಯಾಂಡು ರೈಲ್ವೆ ಸ್ಟೇಷನ್ನಿನ ಒಳಗೇ ಹೋಯಿತು. ಪ್ಲಾಟ್‌ಫಾರಂ ಮೇಲೆ ಕೊಬ್ಬರಿ ಮೂಟೆಗಳು, ಕಲ್ಲಿದ್ದಲ ಹೊಗೆ, ತಗಡಿನ ಸೂರು. ಆ ಸೂರಿಗೆ ಬಡಿದು ಸದ್ದು ಎರಡು ಪಟ್ಟಾಗಿ ಕೆಳಗೆ ಬೀಳುತ್ತಿತ್ತು. ಇನ್ನೇನು ಬೇಕು ನನಗೆ! ಅಕ್ಕ ಭಾವನ ಜೊತೆ ರೈಲು ಹತ್ತಿ ಕಿಟಕಿಯ ಪಕ್ಕ ಕೂತಳು. ನಾನು ಆಡುತ್ತ ಆಡುತ್ತ ಕಿಟಕಿಯ ಹತ್ತಿರ ಹೋದೆ. ಅವಳು ಸರಳಿನ ನಡುವಿನಿಂದ ಕೈ ಚಾಚಿ ನನ್ನ ಗಲ್ಲ ಹಿಡಿದಳು. ಕಣ್ಣು ಊದಿಕೊಂಡಿತ್ತು. ಕೈಯಲ್ಲಿ ಹಸಿರು ಬಳೆ ಮೊಣಕೈವರೆಗೂ ಇತ್ತು.

"ಬತ್ತೀನಿ ಕಣೋ ಮರಿ," ಎಂದಳು.

"ಹೂಂ, ಬಿರ್‍ರನೆ ಬಾ," ಎಂದು ಅವಳ ಕೈಯಿಂದ ಗಲ್ಲ ಬಿಡಿಸಿಕೊಂಡು ಡ್ರಮ್ಮಿನ ಹತ್ತಿರ ಓಡಿದೆ. ರೈಲು ಶಿಳ್ಳೆ ಹಾಕಿತು. ಅದರ ಸದ್ದನ್ನು ಮೀರಿಸಲು ಡ್ರಮ್ಮಿನವರು ಇನ್ನೂ ಜೋರಾಗಿ ಬಡಿದರು. ರೈಲಿಗೂ ಬ್ಯಾಂಡಿಗೂ ಪಂದ್ಯ ಎಂದು ನಾನು ಚಪ್ಪಾಳೆ ತಟ್ಟಿ ನಗುತ್ತಿದ್ದೆ. ಕೊನೆಯ ಡಬ್ಬಿಯೂ ದಾಟಿ ಹೋಯಿತು. ಬ್ಯಾಂಡು ನಿಂತಿತು. ಆಗ ಪ್ಲಾಟ್‌ಫಾರಂ ಮೇಲೆ ಅಕ್ಕ ಇಲ್ಲ ಎಂಬುದು ಕಂಡಿತು.

ಕ್ಲಾರಿಯೊನೆಟ್‌ನವರು ವಾದ್ಯವನ್ನು ತಲೆಕೆಳಗು ಮಾಡಿ ಕೊಡವಿ ಒಳಗಿನ ತೇವ ಚೆಲ್ಲುತ್ತಿದ್ದರು. ನಾನು ಅವರ ಮುಂದೆ ನಿಂತು, "ಊದಿ! ಇನ್ನೊಂದ್ಸಲ ಊದಿ! ಅಕ್ಕ ಬತ್ತೀನಿ ಅಂದವ್ಳೆ, ನೀವು ಊದಿದ್ರೆ ರೈಲು ವಾಪಸ್ ಬತ್ತೈತೆ," ಎಂದೆ. ಅವರು ಊದಿದ್ದಕ್ಕೇ ತಾನೇ ಹೋಯಿತು?

ಅವರು ಮಂಡಿಯೂರಿ ಕೂತರು. "ನಾವು ಊದೋರು ಅಷ್ಟೇ ಕಣಪ್ಪ. ಕರ್ಕೊಂಡ್ ಹೋಗೋರೂ ನಾವಲ್ಲ, ಕರ್ಕೊಂಡ್ ಬರೋರೂ ನಾವಲ್ಲ," ಎಂದು ಅಪ್ಪನ ಕಡೆ ನೋಡಿದರು.

"ಅಪ್ಪ, ಬತ್ತೀನಿ ಅಂದ್ಳಲ್ಲ ಅಕ್ಕ!"

ಅಪ್ಪ ಹಳಿಯ ಕಡೆ ನೋಡುತ್ತ, "ಬತ್ತೀನಿ ಅಂದ್ರೆ ಹೋಗ್ತೀನಿ ಅಂತ ಕಣೋ ಮಗ," ಎಂದ. ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡ. ಅಪ್ಪನ ಬೆನ್ನು ಅಲುಗುತ್ತಿತ್ತು. ದೊಡ್ಡವರೂ ಅಳುತ್ತಾರೆ ಎಂದು ಆವತ್ತಿನವರೆಗೆ ನನಗೆ ಗೊತ್ತಿರಲಿಲ್ಲ. ನಾನು ಅಳಲು ಶುರು ಮಾಡಿದ್ದು ಅಪ್ಪನನ್ನು ನೋಡಿ.

ಬಂದ ದಾರಿಯಲ್ಲೇ ಸದ್ದಿಲ್ಲದೆ ಮನೆಗೆ ಬಂದೆವು. ಬ್ಯಾಂಡಿನವರು ಬಸ್ ಸ್ಟ್ಯಾಂಡಿನ ಕಡೆ ತಿರುಗಿಕೊಂಡರು. ದೀಪ ಹಚ್ಚಿದ ಮೇಲೆ ಅಪ್ಪ ಮದುವೆಯ ಅನ್ನಕ್ಕೆ ಸಾರು ಕಲಸಿ ನನಗೆ ಉಣ್ಣಿಸಲು ಕೂತ. ತುತ್ತು ನನ್ನ ಬಾಯಿಯಲ್ಲಿ ಹಿಡಿಯಲಿಲ್ಲ. ಅರ್ಧ ಚೆಲ್ಲಿತು. ನನ್ನ ಬಾಯಿ ಎಷ್ಟಗಲ ಎಂಬುದು ಅಕ್ಕನಿಗೆ ಮಾತ್ರ ಗೊತ್ತಿತ್ತು. ಅಪ್ಪ ತುತ್ತನ್ನು ಒಡೆದು ಚಿಕ್ಕದು ಮಾಡಿದ, ಆಮೇಲೆ ಇನ್ನೂ ಚಿಕ್ಕದು ಮಾಡಿದ. ಆ ರಾತ್ರಿ ಇಬ್ಬರ ಹೊಟ್ಟೆಯೂ ತುಂಬಲಿಲ್ಲ.

ಅಕ್ಕ ಹಬ್ಬಗಳಿಗೆ ಬರುತ್ತಿದ್ದಳು, ನಿಜ. ಬಂದವಳು ಎರಡು ದಿನ ಇದ್ದು ಬತ್ತೀನಿ ಎಂದು ಹೋಗುತ್ತಿದ್ದಳು. ನಾನು ಬೇಲೂರು ಬ್ಯಾಂಡಿನ ಹುಚ್ಚನಾದೆ. ಲಗ್ನದ ಕಾಲ ಬಂತೆಂದರೆ ಅವರ ಹಿಂದೆ ಬೀದಿ ಬೀದಿ ಅಲೆಯುತ್ತಿದ್ದೆ. ಹುಡುಗನಿಗೆ ಸಂಗೀತದ ಗೀಳು ಎಂದು ಜನ ಆಡಿಕೊಂಡರು. ಮೊದಮೊದಲು ನಾನು ಬ್ಯಾಂಡಿನ ಹಿಂದೆ ಬರುವ ಮದುಮಗಳ ಮುಖವನ್ನೇ ಬಗ್ಗಿ ನೋಡುತ್ತಿದ್ದೆ, ಅಕ್ಕ ಇರಬಹುದೇ ಎಂದು. ಆಮೇಲೆ ನಿಜವಾಗಿಯೂ ಹಾಡಿಗೇ ಮರುಳಾದೆ. ಇವತ್ತಿಗೂ ಕ್ಲಾರಿಯೊನೆಟ್ ಕೇಳಿದರೆ ಮೊದಲು ಕುಣಿಯಬೇಕು ಅನ್ನಿಸುತ್ತದೆ, ಅದರ ಬೆನ್ನಿಗೇ ಹಿಂದೆ ತಿರುಗಿ ನೋಡುತ್ತೇನೆ.

ಕಳೆದ ಬೇಸಿಗೆಯಲ್ಲಿ ಅಕ್ಕ, ಅಂದರೆ ನಿಮ್ಮ ದಾವಣಗೆರೆ ದೊಡ್ಡಜ್ಜಿ, ತೀರಿಕೊಂಡಳು. ನೀವೆಲ್ಲ ಬಂದಿದ್ದಿರಿ. ಮಕ್ಕಳು ಮೊಮ್ಮಕ್ಕಳನ್ನು ಕಂಡು ತುಂಬು ಬಾಳು ಬಾಳಿದವರನ್ನು ನಮ್ಮಲ್ಲಿ ಹೂವಿನ ನಡುವೆ ಕೂರಿಸಿ, ಬ್ಯಾಂಡ್ ಊದಿಸಿಯೇ ಮಣ್ಣಿಗೆ ಕಳಿಸುವುದು. ಬೇಲೂರಿನವರಲ್ಲ, ಅಲ್ಲಿಯದೇ ಯಾರೋ ಹೊಸ ಹುಡುಗರು, ಹಾಡೂ ಬೇರೆ. ಈ ವಯಸ್ಸಿನಲ್ಲಿ ತಾತ ಯಾಕೆ ಕಾರು ಹತ್ತದೆ ಬ್ಯಾಂಡಿನ ಮುಂದೆ ನಡೆಯುತ್ತಿದ್ದಾನೆ ಎಂದು ನಿಮಗೆ ಮುಜುಗರವಾಯಿತು, ನಾನು ಗಮನಿಸಿದೆ. ಇನ್ನೆಲ್ಲಿ ನಡೆಯಲಿ? ಚಿಕ್ಕಂದಿನಲ್ಲಿ ಆ ಬ್ಯಾಂಡು ಎಲ್ಲಿಗೆ ಹೋಗುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ಈ ಸಲ ಗೊತ್ತಿತ್ತು. ಗೊತ್ತಿದ್ದೂ ನಡೆದೆ.

ನಮ್ಮ ಕಾಲದಲ್ಲಿ ಹಾಡಿಗೆ ಕಾಲಿತ್ತು. ಅದು ನಡೆದಷ್ಟು ದೂರ ನಾವೂ ನಡೆಯಬೇಕಾಗಿತ್ತು, ನಿಲ್ಲು ಎಂದರೆ ನಿಲ್ಲುತ್ತಿರಲಿಲ್ಲ, ತಿರುಗು ಎಂದರೆ ತಿರುಗುತ್ತಿರಲಿಲ್ಲ. ನಿಮ್ಮ ಹಾಡುಗಳು ನೀವು ಹೇಳಿದಂತೆ ಕೇಳುತ್ತವೆ. ಬೆರಳಿಟ್ಟರೆ ನಿಲ್ಲುತ್ತವೆ, ಎಳೆದರೆ ಹಿಂದಕ್ಕೆ ಬರುತ್ತವೆ. ಮೊದಲೆಲ್ಲ ಇದೆಂಥ ಸಂಗೀತ ಎಂದು ನಾನು ನಿಮ್ಮನ್ನು ಗೇಲಿ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ.

ಯಾಕೆಂದರೆ ಅಕ್ಕನನ್ನು ಕಳಿಸಿದ ಆ ದಿನ ಮೊಮ್ಮಗ ತನ್ನ ಫೋನಿನಲ್ಲಿ ಎಲ್ಲವನ್ನೂ ಹಿಡಿದಿಟ್ಟಿದ್ದಾನೆ. ಸಂಜೆ ಹೊತ್ತು ಒಮ್ಮೊಮ್ಮೆ ನಾನೇ ಅವನನ್ನು ಕರೆದು ಹಾಕಿಸುತ್ತೇನೆ. ಮನೆಯ ಮುಂದೆ ಹೂವಿನ ನಡುವೆ ಅಕ್ಕ ಕೂತಿದ್ದಾಳೆ. ಹುಡುಗರು ಊದಲು ಶುರು ಮಾಡುತ್ತಾರೆ. ಹೊತ್ತವರು ಏಳುತ್ತಾರೆ, ಬೀದಿ ಸಾಗುತ್ತದೆ, ಅವಳನ್ನು ಮಣ್ಣು ಮಾಡಿದ ತೋಟಕ್ಕೆ ತಿರುಗುವ ಮೂಲೆ ಕಾಣುತ್ತದೆ. "ಅಷ್ಟು ಸಾಕು ಕಣಪ್ಪ," ಎನ್ನುತ್ತೇನೆ. ಅವನು ಬೆರಳಿಟ್ಟು ನಿಲ್ಲಿಸಿ ಮೊದಲಿಗೆ ತರುತ್ತಾನೆ. ಬ್ಯಾಂಡು ಮತ್ತೆ ಶುರುವಾಗುತ್ತದೆ. ಅಕ್ಕ ಇನ್ನೂ ಮನೆ ಬಾಗಿಲಲ್ಲೇ ಇದ್ದಾಳೆ.