ತಟ್ಟೆ ನೋಡಿ ಬಡಿಸುತ್ತಿದ್ದ ಅಡುಗೆಯಮ್ಮ

ಮೊನ್ನೆ ಕೊಳ್ಳೇಗಾಲದ ಹೋಟೆಲೊಂದರಲ್ಲಿ ನುಗ್ಗೆಕಾಯಿ ಸಾಂಬಾರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ರಾಮಾಪುರದ ಕಡೆಯ ನಮ್ಮ ಶಾಲೆಯ ಅಡುಗೆಯಮ್ಮ ನೆನಪಾದರು. ನಾನಾಗ ಹೊಸ ಮೇಷ್ಟ್ರು. ಹೊಸ ಮೇಷ್ಟ್ರೆಂದರೆ ಕೇಳಬೇಕೆ, ಕಂಡಕಂಡವರಿಗೆಲ್ಲ ಪಾಠ!

ಬಿಸಿಯೂಟ ಬಡಿಸುವಾಗ ಅವರು ತಲೆ ಎತ್ತುತ್ತಲೇ ಇರಲಿಲ್ಲ. ಕಣ್ಣು ತಟ್ಟೆಯ ಮೇಲೆ, ಒಂದು ಸೌಟು, ಮುಂದಿನ ತಟ್ಟೆ... ಎಂಥ ಕಲ್ಲುಮನಸ್ಸಪ್ಪ ಇವರದು ಎಂದು ನನಗೆ ಮೈ ಉರಿಯುತ್ತಿತ್ತು. ಒಂದು ದಿನ ಎಲ್ಲರೆದುರೇ ಗದರಿಬಿಟ್ಟೆ: "ಏನಮ್ಮಾ, ದನಕ್ಕೆ ಹಾಕಿದ ಹಾಗೆ ಹಾಕ್ತೀರಲ್ಲ? ಮಕ್ಕಳ ಮುಖ ನೋಡಿ ಬಡಿಸಿ."

"ಆಯ್ತು ಸಾ," ಎಂದರು, ಅಷ್ಟೇ.

ಮರುದಿನದಿಂದ ಮುಖ ನೋಡಿಯೇ ಬಡಿಸಿದರು. ನನಗೋ ಗೆದ್ದ ಖುಷಿ. ವಾರ ಕಳೆದಿರಲಿಲ್ಲ, ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಮಧ್ಯಾಹ್ನದ ಪಾಠದಲ್ಲಿ ತಲೆಸುತ್ತಿ ಬಿದ್ದಳು. ಬೆಳಗ್ಗೆ ಮನೆಯಲ್ಲಿ ಏನೂ ತಿನ್ನದೆ ಬರುವ ಮಗು, ಸಾಲಿನ ಕೊನೆಯಲ್ಲಿ ತಲೆ ತಗ್ಗಿಸಿ ನಿಲ್ಲುವವಳು. ಅವಳ ಸರದಿ ಬರುವಷ್ಟರಲ್ಲಿ ಪಾತ್ರೆಯ ತಳ ಕಂಡಿತ್ತು. ನಾಲ್ಕು ದಿನದಿಂದ ಅರ್ಧ ಸೌಟಿನಲ್ಲೇ ಇದ್ದಳಂತೆ.

ಅವಳು ಕಣ್ಣು ಬಿಟ್ಟ ಮೇಲೆ ಬೆಲ್ಲದ ನೀರು ಕುಡಿಸಿ, ಸಿಟ್ಟಿನಲ್ಲೇ ಅಡುಗೆಮನೆಗೆ ನುಗ್ಗಿದೆ. ಅಡುಗೆಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು.

"ಮೊಕ ನೋಡುದ್ರೆ ಕೈ ನನ್ ಮಾತ್ ಕೇಳಾಕಿಲ್ಲ ಸಾ. ನಗೋ ಮೊಕಕ್ಕೂ ಎಲ್ಡ್ ಸೌಟು ಓಯ್ತದೆ, ಅಳೋ ಮೊಕಕ್ಕೂ ಎಲ್ಡು. ಆ ಕೂಸು ತಲೇನೇ ಎತ್ತಾಕಿಲ್ಲ... ತಟ್ಟೆ ನೋಡ್ಕಂಡು ಆಕುದ್ರೆ ಎಲ್ರೂ ಒಂದೇಯ."

ನುಗ್ಗಿದವನು ಹಾಗೇ ಕ್ಲಾಸಿಗೆ ವಾಪಸಾದೆ. ಮಾರನೆಯ ದಿನ ಅವರು ಮತ್ತೆ ತಲೆ ತಗ್ಗಿಸಿ ಬಡಿಸಿದರು. ಆ ಹುಡುಗಿಗೂ ತುಂಬು ಸೌಟು ಬಿತ್ತು. ತಪ್ಪಾಯ್ತಮ್ಮ ಎಂದು ನಾನು ಹೇಳಬೇಕಿತ್ತು. ಎಲ್ಲರೆದುರು ಗದರಲು ಬಾರದ ನಾಚಿಕೆ ಇದಕ್ಕೆ ಬಂತು ನೋಡಿ. ನಾಳೆ ಹೇಳೋಣ, ನಾಳಿದ್ದು ಹೇಳೋಣ... ಅಷ್ಟರಲ್ಲಿ ಯಳಂದೂರಿಗೆ ವರ್ಗವಾಗಿ ಹೊರಟೇಹೋದೆ.

ಹೋಟೆಲಿನಿಂದಲೇ ಆ ಶಾಲೆಯ ಹಳೆಯ ಗೆಳೆಯನಿಗೆ ಫೋನ್ ಮಾಡಿದೆ. "ಆ ಯಮ್ಮ ತೀರೋಗಿ ಎರಡು ವರ್ಸ ಆಯ್ತು ಕಣಪ್ಪ," ಎಂದ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಈಗಲಾದರೂ ಮನಸ್ಸಿನಲ್ಲೇ ಹೇಳಿಬಿಡೋಣವೆಂದು ಅವರನ್ನು ಕಣ್ಣೆದುರು ತಂದುಕೊಳ್ಳಲು ನೋಡಿದೆ. ಬೆವರಿದ ಬೈತಲೆ ಬಂತು, ಸೌಟು ಹಿಡಿದ ಕೈ ಬಂತು... ಮುಖ ಮಾತ್ರ ಬರಲಿಲ್ಲ. ಮಕ್ಕಳ ಮುಖ ನೋಡಿ ಎಂದು ಗದರಿದ ನಾನು, ಅವರ ಮುಖವನ್ನು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ.